ಬೆಂಕಿ ಆರಿದ ಮೇಲೆ ಬಟ್ಟೆಯ ಹೊಗೆ ವಾಸನೆ, ಮಸಿ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಷ್ಟಮಿಯ ಹಿಂದಿನ ದಿನ ನಮ್ಮ ಮನೆಯಲ್ಲಿ ಚಕ್ಕುಲಿ ಕರಿಯಲು ಇಟ್ಟ ಎಣ್ಣೆ ಹೊತ್ತಿಕೊಂಡಿತು. ಅಮ್ಮ ಬಾಗಿಲಲ್ಲಿ ಹೂವಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದರು, ನಾನು ಫೋನಿನಲ್ಲಿದ್ದೆ. ಗ್ಯಾಸ್ ಆರಿಸಿ, ಬಾಣಲೆಗೆ ದೊಡ್ಡ ತಟ್ಟೆ ಮುಚ್ಚುವಷ್ಟರಲ್ಲಿ ಮೇಲಿನ ಶೆಲ್ಫಿನ ಪ್ಲಾಸ್ಟಿಕ್ ಡಬ್ಬಿಗಳು ಕರಗಿ ಉರಿಯುತ್ತಿದ್ದವು. (ಹೊತ್ತಿದ ಎಣ್ಣೆಗೆ ನೀರು ಮಾತ್ರ ಸುರಿಯಬೇಡಿ. ಉರಿಯುವ ಎಣ್ಣೆ ಸೂರಿನವರೆಗೂ ಚಿಮ್ಮುತ್ತದೆ.) ಸುಟ್ಟಿದ್ದು ಅಡುಗೆಮನೆಯ ಒಂದು ಮೂಲೆ. ಹೊಗೆ ಮಾತ್ರ ಮಹಡಿಯ ಮೇಲೆ ಬೀರುವಿನಲ್ಲಿ ಮಡಿಸಿಟ್ಟ ಪಂಚೆಗೂ ಹೊಕ್ಕಿತ್ತು. ಮೇಲೆ ಶಿವಮೊಗ್ಗದ ಶ್ರಾವಣದ ಮಳೆ. ಸುಮಾರು ಎರಡು ತಿಂಗಳು ಬಟ್ಟೆ ಒಗೆಯುವುದೇ ಕೆಲಸವಾಯಿತು.

ಅಂದಿನಿಂದ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ಪರದೆಗೆ ದೀಪ ತಾಗಿದರೂ, ಯಾರ ಮನೆಯ ಸ್ವಿಚ್ ಬೋರ್ಡ್ ಸುಟ್ಟರೂ ಫೋನು ನನಗೇ ಬರುತ್ತದೆ. ಅವರೆಲ್ಲ ಕೇಳುವ ಪ್ರಶ್ನೆಗಳು ಇಲ್ಲಿವೆ.

ಬೆಂಕಿ ಆರಿದೆ. ಮೊದಲು ಯಾವ ಬಟ್ಟೆಗೆ ಕೈ ಹಾಕಬೇಕು?

ಯಾವುದಕ್ಕೂ ಬೇಡ. ಮೊದಲು ಕಿಟಕಿ, ಬಾಗಿಲು ಎಲ್ಲ ತೆಗೆಯಿರಿ. ಮನೆಗೆ ವಿಮೆ ಇದ್ದರೆ ಇದ್ದದ್ದು ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ, ಬೀರುವಿನ ಒಳಗಿನದನ್ನೂ ಬಿಡದೆ. ಒಗೆದ ಮೇಲೆ ಯಾರಿಗೂ ಏನೂ ತೋರಿಸಲಾಗುವುದಿಲ್ಲ. ಕೈಗೆ ಗ್ಲೌಸ್, ಮೂಗಿಗೆ ಎನ್ 95 ಮಾಸ್ಕ್ ಇರಲಿ. ಸುಮ್ನೆ ಕರ್ಚೀಫ್ ಕಟ್ಟಿಕೊಂಡರೆ ಸಣ್ಣ ಮಸಿ ಒಳಗೆ ಹೋಗೇ ಹೋಗುತ್ತದೆ. ಉಬ್ಬಸ ಇರುವವರು, ಮಕ್ಕಳು, ವಯಸ್ಸಾದವರು ಈ ಕೆಲಸದ ಹತ್ತಿರ ಬರುವುದೇ ಬೇಡ.

ಆಮೇಲೆ ಬಟ್ಟೆಗಳನ್ನು ಗುಡ್ಡೆ ಮಾಡಿ: ಒದ್ದೆಯಾದವು, ಕಣ್ಣಿಗೆ ಕಾಣುವಷ್ಟು ಮಸಿ ಹಿಡಿದವು, ವಾಸನೆ ಮಾತ್ರ ಇರುವವು, ಸುಟ್ಟವು. ಬೆಂಕಿ ಆರಿಸಲು ಹಾಕಿದ ನೀರಲ್ಲಿ ನೆನೆದ ಗುಡ್ಡೆಗೆ ಮೊದಲ ಪಾಳಿ. ಒಂದೆರಡು ದಿನ ಹಾಗೇ ಬಿಟ್ಟರೆ ಬೂಷ್ಟು ಬರುತ್ತದೆ. ಹೊಗೆಯ ಜೊತೆ ಅದೂ ಸೇರಿದರೆ ಬಟ್ಟೆಯ ಆಸೆ ಬಿಡಬೇಕು. ವಾಸನೆ ಮಾತ್ರ ಇರುವ ಗುಡ್ಡೆ ಒಂದು ವಾರ ಕಾಯಬಲ್ಲದು. ಮಸಿ ಬಟ್ಟೆಯ ಜೊತೆ ಸೇರಿಸದಿದ್ದರೆ ಆಯಿತು.

ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಮಸಿ ಹರಡುತ್ತಿದೆ. ಏಕೆ?

ನಾನು ಮಾಡಿದ ಮೊದಲ ತಪ್ಪು ಇದೇ. ಹಾಲಿನ ಕೆನೆ ಬಣ್ಣದ ಪರದೆ ಮೇಲೆ ಬೂದು ಬಣ್ಣದ ತೆಳು ಪದರ ಕೂತಿತ್ತು. ಬೆರಳಿಟ್ಟರೆ ಪುಡಿಯ ಹಾಗೆ ಉದುರುತ್ತಿತ್ತು. ನಾನು ನೀರಲ್ಲಿ ಅದ್ದಿದ ಬಟ್ಟೆ ತಂದು ಮೇಲಿಂದ ಕೆಳಕ್ಕೆ ಒಂದು ಸಲ ಎಳೆದೆ. ಬೂದು ಬಣ್ಣ ಕಾಡಿಗೆಯಾಯಿತು. ನನ್ನ ಐದು ಬೆರಳಿನ ಗುರುತು ಪಟ್ಟೆಪಟ್ಟೆಯಾಗಿ ಮೂಡಿತು. ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದರು: “ಮಸೀನ ನೀರು ಹಾಕಿ ಎಬ್ಬಿಸ್ಬಾರ್ದು ಮಾರಾಯ. ಒಣಗಿದ್ದಾಗ್ಲೇ ಕೊಡವ್ಬೇಕು.” ಸೌದೆ ಒಲೆಯ ಮುಂದೆ ಅರ್ಧ ಆಯಸ್ಸು ಕಳೆದವರು. ಇಲ್ಲಣ ತೆಗೆದು ತೆಗೆದು ಅವರಿಗೆ ಗೊತ್ತಿತ್ತು.

ಮಸಿ ಎಂದರೆ ಬರೀ ಇದ್ದಿಲಪುಡಿ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣ, ಅದರ ಮೇಲೆ ಸುಟ್ಟ ಎಣ್ಣೆಯ, ಪ್ಲಾಸ್ಟಿಕ್ಕಿನ ಜಿಡ್ಡು. ನೀರು ಹಾಕಿ ಉಜ್ಜಿದರೆ ಆ ಕಣ ನೂಲಿನ ಒಳಗೆ ಹೋಗಿ ಕೂರುತ್ತದೆ, ಜಿಡ್ಡು ಅದನ್ನು ಅಲ್ಲೇ ಅಂಟಿಸುತ್ತದೆ. ಕಾಗದ, ಕಟ್ಟಿಗೆ ಸುಟ್ಟ ಮಸಿ ಸ್ವಲ್ಪ ಒಣ, ಸುಲಭಕ್ಕೆ ಉದುರುತ್ತದೆ. ಎಣ್ಣೆ, ರಬ್ಬರ್, ಪ್ಲಾಸ್ಟಿಕ್‌ನದು ಅಂಟು. ಹಾಲು, ಮಾಂಸ ಸೀದುಹೋಗಿ ಬಂದ ಹೊಗೆ ಇನ್ನೊಂದು ಥರ: ಕಲೆ ಕಾಣುವುದೇ ಕಮ್ಮಿ, ಘಾಟು ಮಾತ್ರ ವಿಪರೀತ.

ಹಾಗಾದರೆ ಒಣ ಮಸಿ ತೆಗೆಯುವುದು ಹೇಗೆ?

ಬಟ್ಟೆಯನ್ನು ಮಡಿಕೆ ಬಿಡಿಸದೆ ನಿಧಾನವಾಗಿ ಅಂಗಳಕ್ಕೆ ತನ್ನಿ. ಗಾಳಿಗೆ ಬೆನ್ನು ಮಾಡಿ ನಿಂತು ಇಬ್ಬರು ಎರಡು ಕಡೆ ಹಿಡಿದು ಕೊಡವಿ. ಕೋಲಿನಿಂದ ಬಡಿಯಬೇಡಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬ್ರಷ್ ಕಳಚಿ, ಬರೀ ಕೊಳವೆಯನ್ನು ಬಟ್ಟೆಯಿಂದ ಒಂದು ಬೆರಳು ಮೇಲೆ ಹಿಡಿದು ಎಳೆಸಿ. ಬಟ್ಟೆಗೆ ತಾಗಿಸಿದರೆ ಒರೆಸಿದ ಹಾಗೇ ಆಗುತ್ತದೆ. ಅಂಟು ಮಸಿಯಿದ್ದರೆ ಅದರ ಮೇಲೆ ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್ ಉದುರಿಸಿ ಒಂದು ರಾತ್ರಿ ಬಿಡಿ. ಪುಡಿ ಜಿಡ್ಡು ಹೀರುತ್ತದೆ. ಬೆಳಿಗ್ಗೆ ಕೊಡವಿ. ಬೇಕಿದ್ದರೆ ಇನ್ನೊಂದು ಸಲ.

ಈ ಹಂತಕ್ಕೆ ಅರ್ಧ ದಿನ ಹಿಡಿದರೂ ಬೇಜಾರು ಬೇಡ. ಇಲ್ಲಿ ಅವಸರ ಮಾಡಿದ ಬಟ್ಟೆಯನ್ನು ನಾಲ್ಕು ಸಲ ಒಗೆದಿದ್ದೇನೆ. ಚೆನ್ನಾಗಿ ಕೊಡವಿದ್ದು ಎರಡು ಸಲಕ್ಕೆ ಬಿಟ್ಟಿತು.

ಹತ್ತಿ ಬಟ್ಟೆ ಒಗೆಯುವ ಕ್ರಮ ಹೇಳಿ.

ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಬೇಗ ಹೋಗುತ್ತದೆ ಅನ್ನಿಸುತ್ತದೆ ಅಲ್ವಾ? ಜಿಡ್ಡು ಇನ್ನೂ ಇರುವಾಗ ಬಿಸಿ ತಾಗಿದರೆ ಕಲೆ ಗಟ್ಟಿಯಾಗಿ ನಿಲ್ಲುತ್ತದೆ.

ಒಂದು ಬಕೆಟ್ ತಣ್ಣೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಎಂದಿನ ಡಿಟರ್ಜೆಂಟ್ ಪೌಡರ್ ಹಾಕಿ ಕರಗಿಸಿ. ಬಟ್ಟೆ ಮುಳುಗಿಸಿ ಒಂದೆರಡು ಗಂಟೆ ಬಿಡಿ. ಗಾಢ ಬಣ್ಣದ ಬಟ್ಟೆ, ಹೊಸ ಬಟ್ಟೆ ಬಣ್ಣ ಬಿಡಬಹುದು, ಅದನ್ನು ಬೇರೆ ನೆನೆಹಾಕಿ. ಕುತ್ತಿಗೆಪಟ್ಟಿ, ತೋಳಿನ ತುದಿಯ ಜಿಡ್ಡು ಕಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಿನಿಂದ ಒತ್ತಿ, ಉಜ್ಜಬೇಡಿ. ಆಮೇಲೆ ಎತ್ತಿ, ಆ ನೀರು ಚೆಲ್ಲಿ. ನಮ್ಮ ಮನೆಯ ಮೊದಲ ಬಕೆಟ್ಟಿನ ನೀರು ಕಾಫಿ ಡಿಕಾಕ್ಷನ್ ಥರ ಇತ್ತು, ಮೇಲೆ ಕಾಮನಬಿಲ್ಲಿನ ಬಣ್ಣದ ಜಿಡ್ಡು ತೇಲುತ್ತಿತ್ತು. ಅದೇ ನೀರಲ್ಲಿ ಇನ್ನೊಂದು ಬಟ್ಟೆ ಅದ್ದುವ ಆಸೆ ಆಗುತ್ತದೆ. ಬೇಡ.

ಜಾಲಿಸಿದ ನೀರು ತಿಳಿಯಾಗುವವರೆಗೆ ಹೀಗೇ. ತಿಳಿಯಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಎಂದಿನಂತೆ ಒಗೆಯಿರಿ. ಬಿಳಿ ಬಟ್ಟೆಯಾದರೆ ಈಗ ಬಿಸಿನೀರೂ ನಡೆಯುತ್ತದೆ. ಬೋರ್‌ವೆಲ್‌ನ ಗಡಸು ನೀರಿರುವ ಮನೆಯಲ್ಲಿ ಬಾರ್ ಸೋಪು ಬಳಸಬೇಡಿ. ಸೋಪು ಗಡಸು ನೀರಿಗೆ ಮೊಸರೊಡೆದ ಹಾಗೆ ಒಡೆದು, ಆ ಗಸಿ ಮಸಿಯನ್ನು ಹಿಡಿದು ಮತ್ತೆ ಬಟ್ಟೆಗೇ ಅಂಟಿಸುತ್ತದೆ.

ವಾಸನೆ ಪೂರ್ತಿ ಹೋಗುವ ತನಕ ಇಸ್ತ್ರಿ ಇಲ್ಲ, ಡ್ರೈಯರ್ ಇಲ್ಲ.

ಅಡುಗೆ ಸೋಡಾ, ವಿನೆಗರ್ ಎರಡೂ ಒಟ್ಟಿಗೆ ಹಾಕಿದರೆ ಬೇಗ ಹೋಗುತ್ತಾ?

ನೊರೆ ಬರುತ್ತದೆ, ನೋಡಲು ಮಜಾ. ಪ್ರಯೋಜನ ಇಲ್ಲ. ಒಂದು ಕ್ಷಾರ, ಇನ್ನೊಂದು ಹುಳಿ. ಎರಡೂ ಒಂದನ್ನೊಂದು ಕೆಡಿಸಿಕೊಂಡು ಕೊನೆಗೆ ಉಪ್ಪುನೀರಿನಂಥದ್ದು ಉಳಿಯುತ್ತದೆ. ಬೇರೆ ಬೇರೆ ದಿನ ಬಳಸಿ. ಅರ್ಧ ಬಕೆಟ್ ನೀರಿಗೆ ಒಂದು ಹಿಡಿ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಹಾಕಿದರೆ ಹೊಗೆಯ ಹುಳಿ ಘಾಟು ಇಳಿಯುತ್ತದೆ. ಬಿಳಿ ವಿನೆಗರ್ ಕೊನೆಯ ಜಾಲಿಸುವ ನೀರಿಗೆ ಅರ್ಧ ಲೋಟ ಸಾಕು. ಅದರ ವಾಸನೆ ಬಟ್ಟೆ ಒಣಗಿದಾಗ ಹೋಗುತ್ತದೆ.

ಒಂದು ಎಚ್ಚರಿಕೆ. ವಿನೆಗರ್ ಮತ್ತು ಬ್ಲೀಚ್ ಒಂದೇ ಬಕೆಟ್ಟಿಗೆ ಹೋಗಲೇಬಾರದು. ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ.

ವಾಷಿಂಗ್ ಮೆಷಿನ್‌ಗೆ ಹಾಕಬಹುದಾ?

ಕೈಯಲ್ಲಿ ಒಂದು ಸಲ ನೆನೆಸಿ ಜಾಲಿಸಿದ ಮೇಲೆ ಹಾಕಬಹುದು. ಡ್ರಮ್ ಅರ್ಧ ಮಾತ್ರ ತುಂಬಿ. ಮನೆಯವರ ಮಾಮೂಲಿ ಬಟ್ಟೆ ಜೊತೆ ಸೇರಿಸಬೇಡಿ. ಎಲ್ಲ ಮುಗಿದ ಮೇಲೆ ವಾಷಿಂಗ್ ಸೋಡಾ ಹಾಕಿ ಖಾಲಿ ಮೆಷಿನ್ ಅನ್ನು ಬಿಸಿನೀರಲ್ಲಿ ಒಂದು ಸಲ ಓಡಿಸಿ, ಬಾಗಿಲಿನ ರಬ್ಬರ್ ಸಂದು ಒರೆಸಿ. ನಾನು ಒರೆಸಿರಲಿಲ್ಲ. ಮುಂದಿನ ವಾರ ಹೊಸ ಬನಿಯನ್ ಕೂಡ ಹೊಗೆ ನಾರುತ್ತಿತ್ತು.

ರೇಷ್ಮೆ ಸೀರೆ ಏನು ಮಾಡೋದು? ಅಮ್ಮನ ಧಾರೆ ಸೀರೆ ಇದೆ.

ಹೆಚ್ಚು ಫೋನು ಬರುವುದು ಇದಕ್ಕೇ. ಮೊದಲು ಮಾಡಬಾರದ್ದು ಹೇಳುತ್ತೇನೆ. ವಾಷಿಂಗ್ ಸೋಡಾ ಬೇಡ, ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನ್ ಎಳೆ, ಕ್ಷಾರಕ್ಕೆ ಸೊರಗುತ್ತದೆ. ಕ್ಲೋರಿನ್ ಬ್ಲೀಚ್ ಅಂತೂ ಅದನ್ನು ಕರಗಿಸಿಯೇ ಬಿಡುತ್ತದೆ. ನೆತ್ತಿ ಬಿಸಿಲು ಬೇಡ, ಬಣ್ಣ ಮಾಸುತ್ತದೆ. ಸೆಂಟು, ರೂಮ್ ಸ್ಪ್ರೇ ಬೇಡವೇ ಬೇಡ.

ವಾಸನೆ ಮಾತ್ರ ಇದ್ದರೆ ಒಗೆಯುವ ಅಗತ್ಯವೇ ಬರುವುದಿಲ್ಲ. ಸೀರೆಯ ಮಡಿಕೆ ಪೂರ್ತಿ ಬಿಡಿಸಿ. ಗಾಳಿಯಾಡುವ ಕೋಣೆಯಲ್ಲಿ ಹಗ್ಗಕ್ಕೆ ಹಳೆಯ ಬಿಳಿ ಪಂಚೆ ಸುತ್ತಿ, ಅದರ ಮೇಲೆ ನೆರಳಲ್ಲಿ ಹರಡಿ. ಫ್ಯಾನ್ ಸಣ್ಣಗೆ ತಿರುಗಲಿ. ಎರಡು ದಿನಕ್ಕೊಮ್ಮೆ ಮಗ್ಗುಲು ಬದಲಿಸಿ. ಅಮ್ಮನ ಸೀರೆಗೆ ಹನ್ನೊಂದು ದಿನ ಬೇಕಾಯಿತು. ಮೂರನೇ ದಿನ ಅವರು ಕೈಚೆಲ್ಲಿದ್ದರು. ಕೊನೆಗೆ ಉಳಿದ ಸಣ್ಣ ವಾಸನೆಗೆ ಸೀರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಆಕ್ಟಿವೇಟೆಡ್ ಚಾರ್ಕೋಲ್ ಚೀಲಗಳ ಜೊತೆ ಮುಚ್ಚಳದ ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟೆವು. ಚೀಲ ಸೀರೆಗೆ ತಾಗದಿರಲಿ.

ಮಸಿಯೇ ಹಿಡಿದಿದ್ದರೆ ಒಣದಾಗಿ ತೆಗೆಯುವಷ್ಟು ತೆಗೆದು ಡ್ರೈಕ್ಲೀನ್‌ಗೆ ಕೊಡಿ. ಮನೆಯಲ್ಲಿ ಈಗಾಗಲೇ ಒಗೆದು ರೂಢಿಯಿರುವ, ಜರಿ ಕಮ್ಮಿಯಿರುವ ಸೀರೆಗೆ ಮಾತ್ರ ಅಂಟುವಾಳಕಾಯಿ ಸರಿ. ಏಳೆಂಟು ಕಾಯಿಯ ಸಿಪ್ಪೆ ಬೆಚ್ಚಗಿನ ನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ತಣ್ಣಗಾದ ಮೇಲೆ ಬಕೆಟ್ಟಿಗೆ ಸೇರಿಸಿ. ಮೊದಲು ಒಳಗೆ ಸಿಕ್ಕಿಸುವ ತುದಿಯಲ್ಲಿ ಒಂದು ಮೂಲೆ ಅದ್ದಿ, ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಸೀರೆಯನ್ನು ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ.

ಇಳಕಲ್ ಸೀರೆಯವರಿಗೆ ಒಂದು ಮಾತು: ಒಡಲು ಹತ್ತಿ, ಸೆರಗು ರೇಷ್ಮೆ ಆಗಿರುವುದುಂಟು. ಹತ್ತಿ ಅಂತ ಸೋಡಾಕ್ಕೆ ಹಾಕಿಬಿಡಬೇಡಿ. ಸೆರಗಿಗೆ ಯಾವುದು ಆಗುತ್ತದೋ ಇಡೀ ಸೀರೆಗೂ ಅದೇ.

ಜರಿ ಕಪ್ಪಾಗಿದೆ. ಮಸಿಯಾ, ಜರಿಯೇ ಹೋಯಿತಾ?

ಒಣಗಿದ ಬಿಳಿ ಬಟ್ಟೆಯನ್ನು ಜರಿ ಮೇಲೆ ಮೆಲ್ಲಗೆ ಒತ್ತಿ ಎತ್ತಿ. ಬಟ್ಟೆಗೆ ಕಪ್ಪು ಬಂದರೆ ಮಸಿ. ಬಾರದಿದ್ದರೆ ಬೆಳ್ಳಿ ಕಪ್ಪಾಗಿದೆ. ಒಳ್ಳೆ ಜರಿಯಲ್ಲಿ ಇರುವುದು ಹೆಚ್ಚಾಗಿ ಬೆಳ್ಳಿ, ಮೇಲೆ ಚಿನ್ನದ ತೆಳು ಲೇಪ. ಮೈಸೂರಿನಲ್ಲಿ 1912ರಲ್ಲಿ ಶುರುವಾದ ಕಾರ್ಖಾನೆಯಿಂದ ಈಗಲೂ ಬರುವ, ರಾಜ್ಯ ಸರ್ಕಾರದ ಕೆಎಸ್‌ಐಸಿ ಮೈಸೂರು ಸಿಲ್ಕ್ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ರಬ್ಬರು, ಉಣ್ಣೆ ಸುಟ್ಟ ಹೊಗೆಯಲ್ಲಿ ಗಂಧಕ ಇರುತ್ತದೆ. ದೇವರಮನೆಯ ಬೆಳ್ಳಿ ದೀಪ ಕಪ್ಪಾಗುವ ಹಾಗೆ ಜರಿಯೂ ಕಪ್ಪಾಗುತ್ತದೆ. ದೀಪಕ್ಕೆ ಹಚ್ಚುವ ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್ ಇದಕ್ಕೆ ಹಚ್ಚಬೇಡಿ. ಉಜ್ಜಿದರೆ ಲೇಪ ಹೋಗಿ ಒಳಗಿನ ನೂಲು ಕಾಣುತ್ತದೆ. ಜರಿ ಪಾಲಿಶ್ ಮಾಡುವವರ ಹತ್ತಿರ ಒಯ್ಯಿರಿ.

ಮಳೆಗಾಲ. ಬಿಸಿಲೇ ಇಲ್ಲ. ವಾಸನೆ ಹೋಗೋದು ಹೇಗೆ?

ಬಿಸಿಲಿದ್ದರೆ ಹತ್ತಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಕಲೆಯೂ ಸ್ವಲ್ಪ ತಿಳಿಯಾಗುತ್ತದೆ. ಇಲ್ಲದಿದ್ದರೆ ಗಾಳಿ ಸಾಕು. ಹಗ್ಗದ ಮೇಲೆ ಬಟ್ಟೆಗಳ ನಡುವೆ ಒಂದು ಗೇಣು ಜಾಗ ಬಿಡಿ, ಟೇಬಲ್ ಫ್ಯಾನ್ ಇಡಿ. ಮಲೆನಾಡಿನ ಅಭ್ಯಾಸದಂತೆ ಒಲೆಯ ಮೇಲೆ, ಬಚ್ಚಲ ಹಂಡೆಯ ಪಕ್ಕ ಒಣಗಿಸಬೇಡಿ. ಇನ್ನಷ್ಟು ಹೊಗೆ ಹಿಡಿಯುತ್ತದೆ. ನಾವು ಒಂದು ದಿನ ಮಾಡಿದ್ದೆವು, ಇಡೀ ಬಕೆಟ್ ಮತ್ತೆ ಒಗೆದೆವು.

ಕಂಬಳಿ, ಸ್ವೆಟರ್?

ರೇಷ್ಮೆಯ ನಿಯಮವೇ. ಉಣ್ಣೆ ವಾಸನೆ ಜಾಸ್ತಿ ಹಿಡಿಯುತ್ತದೆ, ಬಿಡಲೂ ನಿಧಾನ. ಕೊಡವಿ, ಹತ್ತು ಹದಿನೈದು ದಿನ ಗಾಳಿಗೆ ಹಾಕಿ. ಒಗೆಯಲೇಬೇಕಿದ್ದರೆ ತಣ್ಣೀರು, ಉಣ್ಣೆಯ ಲಿಕ್ವಿಡ್ ಸೋಪು, ಒತ್ತಿ ತೆಗೆಯುವುದು. ಬಿಸಿನೀರಲ್ಲಿ ಕಿವುಚಿದರೆ ನಿಮ್ಮ ಸ್ವೆಟರ್ ಮಗನಿಗಾಗುತ್ತದೆ.

ಹಾಸಿಗೆ, ದಿಂಬು, ಸೋಫಾ ಉಳಿಯುತ್ತಾ?

ಹತ್ತಿ ಹಾಸಿಗೆಗೆ ಮಸಿ ಒಳಗೆ ಹೋಗದೆ ವಾಸನೆ ಮಾತ್ರ ಇದ್ದರೆ ಉಳಿಯುತ್ತದೆ. ಹೊಲಿಗೆ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರಡಿ, ಹಿಂಜುವವರಿಂದ ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿಸಿ. ಬೂರುಗದ ಹತ್ತಿ ದಿಂಬಿಗೂ ಹೀಗೇ, ಆದರೆ ಅದು ಗಾಳಿಗೆ ಹಾರುತ್ತದೆ, ಸೊಳ್ಳೆಪರದೆಯೊಳಗೆ ಹರಡಿ.

ಫೋಮ್ ಹಾಸಿಗೆ ಬೆಂಕಿ ಬಿದ್ದ ಕೋಣೆಯಲ್ಲೇ ಇದ್ದರೆ ದುಡ್ಡಿನ ಮುಖ ನೋಡಬೇಡಿ, ತೆಗೆದುಹಾಕಿ. ಸ್ಪಂಜಿನ ತೂತುಗಳೊಳಗೆ ಹೊಗೆ ಕೂತಿರುತ್ತದೆ, ರಾತ್ರಿಯಿಡೀ ಮುಖ ಇಟ್ಟು ಮಲಗುವ ಜಾಗ ಅದು. ಬೇರೆ ಕೋಣೆಯದಾದರೆ ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ, ಒಂದು ದಿನ ಬಿಟ್ಟು ವ್ಯಾಕ್ಯೂಮ್ ಮಾಡಿ, ಎರಡು ಮೂರು ಸಲ. ಸೋಫಾದ ಕವರ್ ಬಿಚ್ಚಲು ಬಂದರೆ ಒಗೆಯಿರಿ. ಬಾರದಿದ್ದರೆ ಇದೇ ಸೋಡಾ.

ಫೈರ್ ಎಕ್ಸ್‌ಟಿಂಗ್ವಿಶರ್ ಪುಡಿ ಬಟ್ಟೆ ಮೇಲೆಲ್ಲ ಬಿದ್ದಿದೆ.

ನೀರು ತಾಗಿಸುವ ಮೊದಲೇ ಪೂರ್ತಿ ಕೊಡವಿ. ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಬಿಸಿ ಮಾದರಿಯ ತಿಳಿಹಳದಿ ಪುಡಿ ಅಮೋನಿಯಂ ಫಾಸ್ಫೇಟ್. ಒದ್ದೆಯಾದರೆ ಅಂಟಂಟಾಗಿ ಹುಳಿಯಾಗುತ್ತದೆ, ಜಿಪ್ಪು, ಗುಂಡಿ ತುಕ್ಕು ಹಿಡಿಸುತ್ತದೆ.

ಕೂಸಿನ ಬಟ್ಟೆ?

ಎರಡು ಸಲ ಒಗೆದು, ಮೂರು ನೀರಲ್ಲಿ ಜಾಲಿಸಿ. ಮಸಿ ಹಿಡಿದ ಗೊಂಬೆ, ಹಾಲುಗಲ್ಲದ ಕೂಸಿನ ಮೆತ್ತೆ ಉಳಿಸಲು ಹೋಗಬೇಡಿ.

ಕಂದು ಬಣ್ಣದ ಕಲೆ ಮಾತ್ರ ಹೋಗುತ್ತಿಲ್ಲ.

ಅದು ಮಸಿಯಲ್ಲ, ನೂಲೇ ಸೀದಿರುವುದು. ಬಿಳಿ ಹತ್ತಿಯಾಗಿದ್ದು ಕಲೆ ತೆಳುವಾಗಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿಲಲ್ಲಿ ಅರ್ಧ ಗಂಟೆ ಇಟ್ಟು ತೊಳೆಯಿರಿ. ತಿಳಿಯಾಗಬಹುದು. ಬಣ್ಣದ ಬಟ್ಟೆಗೆ ಮಾಡಿದರೆ ಬಿಳಿ ಮಚ್ಚೆ ಬೀಳುತ್ತದೆ. ಪಾಲಿಯೆಸ್ಟರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಕರಗಿದೆ. ಅದಕ್ಕೆ ಮದ್ದಿಲ್ಲ.

ಡ್ರೈಕ್ಲೀನ್‌ಗೆ ಕೊಟ್ಟರೆ ಎಲ್ಲ ಸರಿಹೋಗುತ್ತಾ?

ಅವರು ಬಳಸುವ ದ್ರಾವಣ ಜಿಡ್ಡನ್ನು ಕರಗಿಸುತ್ತದೆ, ಹಾಗಾಗಿ ಮಸಿಗೆ ಒಳ್ಳೆಯದು. ಆದರೆ ಬೆಂಕಿಯ ಬಟ್ಟೆ ಅಂತ ಮೊದಲೇ ಹೇಳಿ, ರಸೀದಿಯಲ್ಲಿ ಬರೆಸಿ, ವಾಸನೆ ಹೋಗದೆ ಇಸ್ತ್ರಿ ಮಾಡಬೇಡಿ ಅಂತಲೂ ಹೇಳಿ. ನಾನು ಹೇಳಿರಲಿಲ್ಲ. ಒಂದು ಅಂಗಡಿಯವರು ಎಲ್ಲ ಬಟ್ಟೆಯ ಹಾಗೆ ಇಸ್ತ್ರಿ ಎಳೆದು ಕೊಟ್ಟರು. ಬಿಳಿ ಶರ್ಟಿನ ಕಾಲರಿನ ಉದ್ದಕ್ಕೂ ಹಳದಿ ಗೆರೆ. ಆ ಗೆರೆ ಹೋಗಲೇ ಇಲ್ಲ.

ದೊಡ್ಡ ಊರುಗಳಲ್ಲಿ ಓಜೋನ್ ಯಂತ್ರ ಇಟ್ಟು ವಾಸನೆ ತೆಗೆಯುವವರೂ ಇದ್ದಾರೆ. ಕೆಲಸ ಮಾಡುತ್ತದೆ. ಯಂತ್ರ ಓಡುವಾಗ ಮನೆಯಲ್ಲಿ ಜನ, ನಾಯಿ, ಬೆಕ್ಕು, ಗಿಡ ಯಾವುದೂ ಇರಬಾರದು. ಎಲಾಸ್ಟಿಕ್, ರಬ್ಬರ್ ಸಾಮಾನು ಮೊದಲೇ ಹೊರಗಿಡಿ, ಬಿರುಕು ಬಿಡುತ್ತವೆ.

ನನಗೆ ವಾಸನೆ ಬರುತ್ತಿಲ್ಲ. ಹೋಯಿತು ಅಂತಾನಾ?

ನಿಮ್ಮ ಮೂಗನ್ನು ನಂಬಬೇಡಿ. ಒಂದು ವಾರ ಅದೇ ಮನೆಯಲ್ಲಿದ್ದರೆ ಮೂಗು ಒಗ್ಗಿಹೋಗಿರುತ್ತದೆ. ಒಣಗಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಒಂದು ರಾತ್ರಿ ಇಡಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವರ ಕೈಗೆ ಕೊಟ್ಟು ಕವರಿನ ಬಾಯಿ ಬಿಚ್ಚಿಸಿ. ನಮ್ಮ ಪರೀಕ್ಷಕಿ ಪಕ್ಕದ ಮನೆ ಅಜ್ಜಿಯೇ. ಅವರು ಮುಖ ಸಿಂಡರಿಸಿದರೆ ಆ ಬಟ್ಟೆ ಮತ್ತೆ ಬಕೆಟ್ಟಿಗೆ.

ಮೂರು ತಿಂಗಳ ಮೇಲೆ ಬೀರು ತೆಗೆದರೆ ಮತ್ತೆ ವಾಸನೆ!

ಬಟ್ಟೆ ಒಗೆದಿರಿ, ಬೀರು ಒರೆಸಿದಿರಾ? ಹಲಗೆ, ಹ್ಯಾಂಗರ್, ತಳಕ್ಕೆ ಹಾಸಿದ ಪೇಪರ್ ಎಲ್ಲಕ್ಕೂ ಹೊಗೆ ಹಿಡಿದಿರುತ್ತದೆ. ಗಾಳಿಯಲ್ಲಿ ತೇವ ಏರಿದಾಗ ಅದು ಮೇಲೇಳುತ್ತದೆ. ಪೇಪರ್ ಎಸೆಯಿರಿ, ಹಲಗೆಗಳನ್ನು ಮೊದಲು ಒಣಬಟ್ಟೆಯಲ್ಲಿ, ಆಮೇಲೆ ಸೋಪಿನ ನೀರಲ್ಲಿ ಒರೆಸಿ, ಎರಡು ದಿನ ಬಾಗಿಲು ತೆಗೆದಿಡಿ. ನುಸಿಗುಳಿಗೆ ಹಾಕಿದರೆ ಹೊಗೆ ಹೋಗುವುದಿಲ್ಲ, ಎರಡು ವಾಸನೆ ಆಗುತ್ತವೆ ಅಷ್ಟೇ.

ಬಟ್ಟೆಗೆ ಪರಿಹಾರ ಸಿಗುತ್ತಾ?

ಮನೆಯ ವಿಮೆಯಲ್ಲಿ ಒಳಗಿನ ಸಾಮಾನನ್ನೂ ಸೇರಿಸಿದ್ದರೆ ಕೇಳಬಹುದು. ಫೋಟೋ, ಬಟ್ಟೆಗಳ ಪಟ್ಟಿ, ಡ್ರೈಕ್ಲೀನ್ ರಸೀದಿ ಇಟ್ಟುಕೊಳ್ಳಿ. ಅಗ್ನಿಶಾಮಕದವರು ಬಂದಿದ್ದರೆ ಅವರ ವರದಿಯನ್ನೂ ಕೇಳಿ ಪಡೆಯಿರಿ. ಅಡುಗೆ ಅನಿಲದಿಂದಲೇ ಆದ ಅವಘಡವಾದರೆ ಸಿಲಿಂಡರ್ ವಿತರಕರಿಗೆ ಬೇಗ ಬರೆದು ಕೊಡಿ. ತೈಲ ಕಂಪನಿಗಳು ಗ್ರಾಹಕರಿಗಾಗಿ ವಿಮೆ ಮಾಡಿಸಿರುತ್ತವೆ, ಅದಕ್ಕೆ ನಾವು ಬೇರೆ ಕಂತು ಕಟ್ಟಬೇಕಿಲ್ಲ. ನಮ್ಮದು ಎಣ್ಣೆ ಕಾದು ಹತ್ತಿದ ಬೆಂಕಿ, ಹಾಗಾಗಿ ಅದು ನಮಗೆ ಬರಲಿಲ್ಲ.

ಎಷ್ಟು ಸಲ ಒಗೆದ ಮೇಲೆ ಕೈಬಿಡಬೇಕು?

ನನ್ನ ಲೆಕ್ಕ ನಾಲ್ಕು. ಹತ್ತಿ ನಾಲ್ಕರೊಳಗೆ ಬಿಡುತ್ತದೆ. ಪಾಲಿಯೆಸ್ಟರ್ ಜಿಡ್ಡನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಐದನೇ ಸಲಕ್ಕೂ ಹೋಗದಿದ್ದರೆ ಅದರ ಬೆಲೆಗಿಂತ ಸೋಪಿನ ಖರ್ಚು ಜಾಸ್ತಿ. ಪ್ಲಾಸ್ಟಿಕ್ ಕರಗಿ ಅಂಟಿದ್ದನ್ನು ಮೊದಲ ದಿನವೇ ಎಸೆಯಿರಿ. ಎಸೆಯುವ ಬಟ್ಟೆ ಯಾರಿಗೂ ದಾನ ಕೊಡಬೇಡಿ, ಒಲೆಗೂ ಹಾಕಬೇಡಿ. ಆ ಕೆನೆ ಬಣ್ಣದ ಪರದೆಯಲ್ಲಿ ಮಸಿ ಕಮ್ಮಿ ಇದ್ದ ಅರ್ಧ ಕತ್ತರಿಸಿ ಸ್ಕೂಟರ್ ಒರೆಸಲು ಇಟ್ಟುಕೊಂಡಿದ್ದೇನೆ.